ಶಕ್ತಿ ಇರುವುದು ಸೂಜಿಯಲ್ಲೋ, ಗುಳಿಗೆಯಲ್ಲೋ?

ಫೆಬ್ರವರಿ ಬಂತೆಂದರೆ ಹಾಸನ ಜಿಲ್ಲೆಯ ಮನೆಮನೆಗೂ ಪರೀಕ್ಷೆಯ ಜ್ವರ. 2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಇಡೀ ರಾಜ್ಯಕ್ಕೇ ಮೊದಲ ಸ್ಥಾನ ಗಳಿಸಿದ ಜಿಲ್ಲೆ ಇದು. ಒಮ್ಮೆ ಮೊದಲು ಬಂದ ಮೇಲೆ ಕೇಳಬೇಕೆ? ಮೇಷ್ಟರಿಗೂ ಚಿಂತೆ, ಅಪ್ಪ ಅಮ್ಮಂದಿರಿಗೆ ಅದಕ್ಕಿಂತ ದೊಡ್ಡ ಚಿಂತೆ. ಈ ದಿನಗಳಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಯಾವ ಡಾಕ್ಟರ ಶಾಪಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ.

‘ಹುಡುಗ ಓದಕ್ಕೆ ಕೂತ್ರೆ ಸಾಕು ತೂಕಡಿಸ್ತಾನೆ ಸಾರ್. ಮಾತ್ರೆಗೀತ್ರೆ ಬ್ಯಾಡ, ಒಂದು ಶಕ್ತಿ ಇಂಜೆಕ್ಷನ್ ಹಾಕ್ಬುಡಿ.’

ವೈದ್ಯರು ‘ಬೇಡ ಕಣಮ್ಮ, ಮಾತ್ರೆ ಸಾಕು’ ಎಂದರೆ ಆ ತಾಯಿಯ ಮುಖ ಸಪ್ಪಗಾಗುತ್ತದೆ. ಅಷ್ಟು ದೂರದಿಂದ ಬಸ್ಸು ಹತ್ತಿ ಬಂದದ್ದು ಮಾತ್ರೆಗೇ? ಮಾತ್ರೆ ಹೊಟ್ಟೆಗೆ ಹೋಗಿ, ಕರಗಿ, ಅನ್ನದ ಜೊತೆ ಬೆರೆತು ಎಲ್ಲೋ ಕಳೆದುಹೋಗುತ್ತದೆ. ಸೂಜಿ ಹಾಗಲ್ಲ, ನೇರ ರಕ್ತಕ್ಕೇ ಹೋಗುತ್ತದೆ ಎಂಬುದು ಅವರ ಲೆಕ್ಕ. ಈ ಲೆಕ್ಕದಲ್ಲಿ ಸ್ವಲ್ಪ ಸತ್ಯವಿದೆ. ಆ ಸ್ವಲ್ಪ ಸತ್ಯದ ಮೇಲೆ ಬಹಳ ದೊಡ್ಡ ನಂಬಿಕೆಯೊಂದು ಕೂತುಬಿಟ್ಟಿದೆ ಎಂಬುದೇ ಇಲ್ಲಿನ ತೊಡಕು.

ಮೊದಲು ಈ ‘ಶಕ್ತಿ ಇಂಜೆಕ್ಷನ್’ ಎಂದರೇನು ನೋಡೋಣ. ಸಾಮಾನ್ಯವಾಗಿ ಅದು ಬಿ ಗುಂಪಿನ ಜೀವಸತ್ವಗಳ ಮಿಶ್ರಣ, ಇಲ್ಲವೇ ಬಿ-12 ಒಂದೇ. ಸಿರಿಂಜಿನಲ್ಲಿ ಕೆಂಪಗೆ ಕಾಣುತ್ತದೆ. ರಕ್ತದ ಬಣ್ಣವಾದ್ದರಿಂದ ರಕ್ತ ಹೆಚ್ಚಿಸುವ ಔಷಧಿಯೇ ಇರಬೇಕು ಎಂದು ಜನ ತಿಳಿಯುವುದೂ ಉಂಟು. ವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ ಒಂದು ಸ್ವಾರಸ್ಯ: ಆ ಕೆಂಪು ರಕ್ತಕ್ಕೆ ಸಂಬಂಧಿಸಿದ್ದಲ್ಲ. ಬಿ-12 ಅಣುವಿನ ನಡುಮಧ್ಯದಲ್ಲಿ ಕೋಬಾಲ್ಟ್ ಎಂಬ ಲೋಹದ ಒಂದು ಪರಮಾಣು ಕೂತಿದೆ. ಬಣ್ಣ ಬರುವುದು ಆ ಕೋಬಾಲ್ಟ್ ಹಿಡಿದಿರುವ ಅಣುರಚನೆಯಿಂದ. ಇಷ್ಟು ಜಟಿಲವಾದ ಅಣುವಿನ ರಚನೆಯನ್ನು ಕ್ಷ-ಕಿರಣಗಳಿಂದ ಬಿಡಿಸಿಟ್ಟವರು ಇಂಗ್ಲೆಂಡಿನ ಡೊರೊತಿ ಹಾಜ್‌ಕಿನ್. ಆಕೆಗೆ 1964ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಇನ್ನೊಂದು ವಿಷಯ. ಜೀವಸತ್ವಗಳಲ್ಲಿ ‘ಶಕ್ತಿ’ ಇಲ್ಲ. ಶಕ್ತಿ ಇರುವುದು ಮುದ್ದೆಯಲ್ಲಿ, ಅನ್ನದಲ್ಲಿ, ಬೇಳೆಯಲ್ಲಿ, ಎಣ್ಣೆ ಬೆಲ್ಲಗಳಲ್ಲಿ. ಆ ಆಹಾರವನ್ನು ಉರಿಸಿ ಶಕ್ತಿಯನ್ನು ಹೊರತೆಗೆಯುವ ಕೆಲಸಕ್ಕೆ ಜೀವಸತ್ವಗಳು ನೆರವಾಗುತ್ತವೆ. ಒಲೆಯಲ್ಲಿ ಸೌದೆಯೇ ಇಲ್ಲದಿದ್ದರೆ ಊದುಗೊಳವೆಯಿಂದ ಎಷ್ಟು ಊದಿ ಏನು ಫಲ? ಸುಸ್ತಾದವರಿಗೆ ಹಾಕುವ ಗ್ಲೂಕೋಸ್ ಬಾಟಲಿಯ ಕಥೆಯೂ ಇಷ್ಟೇ. ಅರ್ಧ ಲೀಟರಿನ ಶೇಕಡಾ 5ರ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್. ಅಂದರೆ ಐದಾರು ಚಮಚ ಸಕ್ಕರೆಯಷ್ಟು. ನೂರು ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆ ಅದರ ಮೂರು ಪಟ್ಟು ಶಕ್ತಿ ಕೊಡುತ್ತದೆ. ವಾಂತಿಭೇದಿಯಾಗಿ ನೀರು ಆರಿಹೋದವರಿಗೆ, ಬಾಯಿಂದ ಏನೂ ಇಳಿಯದವರಿಗೆ ಆ ಬಾಟಲಿ ಪ್ರಾಣ ಉಳಿಸುತ್ತದೆ, ಅದು ಬೇರೆ ಮಾತು. ನಡೆದುಕೊಂಡು ಬಂದು, ಮಲಗಿ ಹಾಕಿಸಿಕೊಂಡು, ನಡೆದುಕೊಂಡೇ ಮನೆಗೆ ಹೋಗುವವರಿಗೆ ಅದು ದುಬಾರಿ ಪಾನಕ.

ಬಾಯಿಂದ ರಕ್ತದವರೆಗೆ

ನುಂಗಿದ ಗುಳಿಗೆ ಜಠರದಲ್ಲಿ ಕರಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಸಣ್ಣ ಕರುಳಿನ ಒಳಗೋಡೆ ನಯವಾದ ಕೊಳವೆಯಂತಿಲ್ಲ. ಟರ್ಕಿ ಟವೆಲಿನ ಹಾಗೆ ಲಕ್ಷಾಂತರ ಸೂಕ್ಷ್ಮ ಎಳೆಗಳಿಂದ ತುಂಬಿದೆ. ಆಹಾರದಲ್ಲಿನ ಸಾರವನ್ನು ಒಳಗೆ ಎಳೆದುಕೊಳ್ಳುವುದೇ ಈ ಎಳೆಗಳ ಕೆಲಸ. ಎಲ್ಲ ಜೀವಸತ್ವಗಳೂ ಒಂದೇ ದಾರಿಯಲ್ಲಿ ಒಳಗೆ ಹೋಗುವುದಿಲ್ಲ.

ನೀರಿನಲ್ಲಿ ಕರಗುವ ಸಿ ಮತ್ತು ಬಿ ಗುಂಪಿನವುಗಳಿಗೆ ಕರುಳಿನ ಗೋಡೆಯಲ್ಲಿ ಪ್ರತ್ಯೇಕ ವಾಹಕಗಳಿವೆ. ಈ ವಾಹಕಗಳ ಸಾಮರ್ಥ್ಯಕ್ಕೆ ಮಿತಿಯಿದೆ. ಸಿ ಜೀವಸತ್ವವನ್ನೇ ತೆಗೆದುಕೊಳ್ಳಿ. ಒಂದೆರಡು ನೆಲ್ಲಿಕಾಯಿ, ಸೀಬೆಹಣ್ಣಿನಿಂದ ಸಿಗುವ 100, 200 ಮಿಲಿಗ್ರಾಂ ಇದ್ದರೆ ಅದು ಹೆಚ್ಚುಕಡಿಮೆ ಪೂರ್ತಿ ಒಳಗೆ ಹೋಗುತ್ತದೆ. ಒಂದು ಗ್ರಾಮಿಗಿಂತ ಹೆಚ್ಚಿನದನ್ನು ಒಟ್ಟಿಗೆ ನುಂಗಿದರೆ ಅರ್ಧಕ್ಕೂ ಕಡಿಮೆ ಭಾಗ ಮಾತ್ರ ಒಳಗೆ ಸೇರುತ್ತದೆ. ಎ, ಡಿ, ಇ, ಕೆ ಜೀವಸತ್ವಗಳು ಜಿಡ್ಡಿನಲ್ಲಿ ಕರಗುವಂಥವು. ಇವಕ್ಕೆ ಪಿತ್ತರಸ ಬೇಕು, ಊಟದಲ್ಲಿ ಒಂದಿಷ್ಟು ಎಣ್ಣೆಯೋ ತುಪ್ಪವೋ ಇರಬೇಕು. ಕೊಬ್ಬಿನ ಸಣ್ಣ ಸಣ್ಣ ಹನಿಗಳ ಜೊತೆ ಸೇರಿಕೊಂಡು, ದುಗ್ಧನಾಳಗಳ ಮೂಲಕ ಸುತ್ತುಬಳಸಿ ರಕ್ತಕ್ಕೆ ಬರುತ್ತವೆ. ವೈದ್ಯರು ಬರೆದುಕೊಟ್ಟ ಡಿ ಜೀವಸತ್ವದ ಪುಡಿಯನ್ನು ಬರಿ ಹೊಟ್ಟೆಯಲ್ಲಿ ನೀರಿಗೆ ಹಾಕಿ ಕುಡಿಯುವ ಬದಲು ಊಟವಾದ ಮೇಲೆ ಹಾಲಿನಲ್ಲಿ ತೆಗೆದುಕೊಳ್ಳುವುದು ಒಳ್ಳೆಯದು ಎನ್ನುವುದು ಇದಕ್ಕೇ.

ಸೂಜಿ ಈ ಕರುಳಿನ ದಾರಿಯನ್ನೇ ಬಿಟ್ಟು ಹೋಗುತ್ತದೆ. ತೋಳಿಗೋ ಸೊಂಟಕ್ಕೋ ಚುಚ್ಚಿದ ನೀರಿನಂಥ ಔಷಧಿ ಸ್ನಾಯುವಿನ ಎಳೆಗಳ ನಡುವೆ ಹರಡಿ, ಅಲ್ಲಿನ ಸೂಕ್ಷ್ಮ ರಕ್ತನಾಳಗಳೊಳಗೆ ಜಿನುಗುತ್ತದೆ. ಬಿ-12 ಚುಚ್ಚಿದರೆ ಸುಮಾರು ಒಂದು ಗಂಟೆಯಲ್ಲಿ ರಕ್ತದಲ್ಲಿ ಅದರ ಮಟ್ಟ ತುದಿಗೇರುತ್ತದೆ. ಎಣ್ಣೆಯಲ್ಲಿ ಕರಗಿಸಿದ ಔಷಧಿಯಾದರೆ ಸ್ನಾಯುವಿನಲ್ಲೇ ಗಂಟಿನಂತೆ ಕೂತು ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುತ್ತದೆ. ಹಾಗಾಗಿ ‘ಸೂಜಿಯೆಂದರೆ ಬೇಗ’ ಎಂಬ ಮಾತು ಎಲ್ಲ ಜೀವಸತ್ವಗಳಿಗೂ ಹೊಂದುವುದಿಲ್ಲ.

ರಕ್ತಕ್ಕೆ ಸೇರಿದ ಮೇಲೆ? ಗೊರೂರಿನ ಹೇಮಾವತಿ ಜಲಾಶಯ ನಮ್ಮ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತು. ಅದರ ಪೂರ್ಣ ಮಟ್ಟ 2922 ಅಡಿ. ನೀರು ಆ ಮಟ್ಟ ಮುಟ್ಟಿದ ಮೇಲೆ ಮಲೆನಾಡಿನಲ್ಲಿ ಎಷ್ಟೇ ಮಳೆ ಸುರಿದರೂ ಕ್ರೆಸ್ಟ್ ಗೇಟು ತೆಗೆದು ಹೊರಗೆ ಬಿಡಲೇಬೇಕು. ನೀರಿನಲ್ಲಿ ಕರಗುವ ಜೀವಸತ್ವಗಳಿಗೆ ನಮ್ಮ ಮೂತ್ರಪಿಂಡಗಳೇ ಆ ಗೇಟುಗಳು. ಬಿ ಕಾಂಪ್ಲೆಕ್ಸ್ ತೆಗೆದುಕೊಂಡ ದಿನ ಮೂತ್ರ ಹಳದಿ ಹಳದಿಯಾಗಿ ಹೋಗುವುದನ್ನು ನೀವು ಗಮನಿಸಿರಬಹುದು. ಕೆಲವರು ಕಾಮಾಲೆಯೇ ಬಂತೆಂದು ಹೆದರುತ್ತಾರೆ. ಅದು ದೇಹ ಹೊರಗೆ ಹಾಕುತ್ತಿರುವ ಬಿ-2. ಸೂಜಿಯಾಗಲಿ ಗುಳಿಗೆಯಾಗಲಿ, ದುಡ್ಡು ಕೊಟ್ಟು ಕೊಂಡದ್ದರ ಒಂದು ಪಾಲು ಬಚ್ಚಲಿಗೆ ಹೋಗುತ್ತಿದೆ ಎಂದರ್ಥ. ಸಾವಿರ ಮೈಕ್ರೋಗ್ರಾಂ ಬಿ-12 ಚುಚ್ಚಿಸಿಕೊಂಡರೂ ಅದರ ದೊಡ್ಡ ಪಾಲು 48 ಗಂಟೆಯೊಳಗೆ ಹೀಗೇ ಹೊರಟುಹೋಗುತ್ತದೆ.

ಬಿ-12 ಹಿಡಿಯುವ ಬಸ್ಸು

ಸೂಜಿ-ಗುಳಿಗೆಗಳ ಜಗಳ ನಿಜವಾಗಿ ಅರ್ಥವಾಗಬೇಕಾದರೆ ಬಿ-12ರ ಪ್ರಯಾಣವನ್ನು ತಿಳಿಯಬೇಕು. ಉಳಿದ ಜೀವಸತ್ವಗಳಿಗಿಲ್ಲದ ಒಂದು ವಿಚಿತ್ರ ಕಟ್ಟಳೆ ಇದಕ್ಕಿದೆ. ಜಠರದ ಗೋಡೆಯಿಂದ ಒಸರುವ ಒಂದು ಪ್ರೋಟೀನು ಇದರ ಕೈಹಿಡಿದು, ಸುಮಾರು ಆರು ಮೀಟರ್ ಉದ್ದದ ಸಣ್ಣ ಕರುಳನ್ನು ದಾಟಿಸಿ, ಅದರ ಕೊನೆಯ ಭಾಗಕ್ಕೆ ತಲುಪಿಸಬೇಕು. ಅಲ್ಲಿ ಮಾತ್ರ ಇದಕ್ಕೆ ಬಾಗಿಲು. ಜೊತೆಗಾರ ಇಲ್ಲದೆ ಬಂದರೆ ಆ ಬಾಗಿಲು ತೆರೆಯದು. ಈ ಜೊತೆಗಾರ ಇರಲೇಬೇಕೆಂಬುದನ್ನು 1929ರ ಹೊತ್ತಿಗೆ ಅಮೆರಿಕದ ವಿಲಿಯಂ ಕ್ಯಾಸಲ್ ತೋರಿಸಿಕೊಟ್ಟರು.

ಹಾಸನದ ಬಸ್ ನಿಲ್ದಾಣದಲ್ಲಿ ಹಬ್ಬದ ಹಿಂದಿನ ಸಂಜೆ ನಿಂತಿದ್ದೀರಿ ಎಂದುಕೊಳ್ಳಿ. ಬಸ್ಸಿಗೆ ಹಿಡಿಯುವಷ್ಟೇ ಜನ ಹತ್ತುತ್ತಾರೆ. ಮುಂದಿನ ಬಸ್ಸು ಬರುವುದು ಕೆಲವು ಗಂಟೆಯ ಮೇಲೆ. ಬಿ-12ರ ಬಸ್ಸು ಒಂದು ಹೊತ್ತಿನ ಊಟಕ್ಕೆ ಹೊತ್ತೊಯ್ಯುವುದು ಒಂದೂವರೆಯಿಂದ ಎರಡು ಮೈಕ್ರೋಗ್ರಾಂ ಮಾತ್ರ. ಒಂದು ಮೈಕ್ರೋಗ್ರಾಂ ತಿಂದರೆ ಅದರಲ್ಲಿ ಅರ್ಧದಷ್ಟು ಒಳಗೆ ಹೋಗುತ್ತದೆ; ಐನೂರು ತಿಂದರೂ ಬಸ್ಸಿನಲ್ಲಿ ಹೋಗುವುದು ಅದೇ ಎರಡರ ಒಳಗೆ. ಆದರೆ ನಿಲ್ದಾಣದಲ್ಲಿ ನೂಕುನುಗ್ಗಲು ಹೆಚ್ಚಾದಾಗ ನೂರಕ್ಕೆ ಒಬ್ಬರಂತೆ ಕೆಲವರು ಬಸ್ಸನ್ನು ನೆಚ್ಚದೆ ನಡೆದೇ ಹೊರಡುತ್ತಾರಲ್ಲ, ಹಾಗೆ ಬಿ-12ರಲ್ಲೂ ಶೇಕಡಾ ಒಂದರಷ್ಟು ಯಾವ ಜೊತೆಗಾರನೂ ಇಲ್ಲದೆ ಕರುಳಿನ ಗೋಡೆಯಲ್ಲಿ ಜಿನುಗಿ ರಕ್ತ ಸೇರುತ್ತದೆ.

ಶೇಕಡಾ ಒಂದು ಎಂದರೆ ತೀರ ಕಡಿಮೆಯಾಯಿತಲ್ಲ ಎನ್ನಬಹುದು. ಲೆಕ್ಕ ಹಾಕಿ ನೋಡಿ. ಸಾವಿರ ಮೈಕ್ರೋಗ್ರಾಮಿನ ಗುಳಿಗೆಯಲ್ಲಿ ಶೇಕಡಾ ಒಂದೆಂದರೆ ಹತ್ತು ಮೈಕ್ರೋಗ್ರಾಂ. ದೊಡ್ಡವರಿಗೆ ಒಂದು ದಿನಕ್ಕೆ ಬೇಕಾಗಿರುವುದು ಎರಡೂವರೆಯ ಆಸುಪಾಸು! ಬಸ್ಸೇ ಕೆಟ್ಟು ನಿಂತವರಿಗೂ, ಅಂದರೆ ಜಠರದಲ್ಲಿ ಆ ಪ್ರೋಟೀನು ಹುಟ್ಟದವರಿಗೂ, ದಿನವೂ ದೊಡ್ಡ ಪ್ರಮಾಣದ ಗುಳಿಗೆ ನುಂಗಿದರೆ ಕೆಲಸ ನಡೆಯುತ್ತದೆ. ಸ್ವೀಡನ್ನಿನ ವೈದ್ಯರು ದಶಕಗಳಿಂದ ಇದನ್ನೇ ಮಾಡುತ್ತ ಬಂದಿದ್ದಾರೆ. ಸೂಜಿ ಮತ್ತು ಗುಳಿಗೆಗಳನ್ನು ಹೋಲಿಸಿದ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ 2018ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆಯೂ ರಕ್ತದಲ್ಲಿ ಬಿ-12 ಏರುವುದರಲ್ಲಿ ಎರಡಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲವೆಂದೇ ಹೇಳಿತು. ಅದರಲ್ಲಿದ್ದ ಪ್ರಯೋಗಗಳು ಮೂರೇ, ಜನರು 153 ಮಾತ್ರ. ಸಣ್ಣ ಸಾಕ್ಷ್ಯ ಎಂಬುದನ್ನೂ ಒಪ್ಪಬೇಕು.

ಮೈಸೂರು, ಬೆಂಗಳೂರುಗಳ ಕಥೆ

ಇದೆಲ್ಲ ಪರದೇಶದ ಮಾತಾಯಿತು, ನಮ್ಮವರ ಗತಿಯೇನು ಎಂದು ಕೇಳುವವರಿಗೆ ಹೊಳೆನರಸೀಪುರದಿಂದ ರೈಲು ಹತ್ತಿದರೆ ಸಿಗುವ ಮೈಸೂರಿನಲ್ಲೇ ಉತ್ತರವಿದೆ. ಮೈಸೂರಿಗರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರ ರಕ್ತವನ್ನು ಸಂಗ್ರಹಿಸಿಟ್ಟು, ಮುಂದೆ ವರ್ಷಗಟ್ಟಲೆ ತಾಯಿ ಮಕ್ಕಳನ್ನು ಗಮನಿಸುತ್ತ ಬಂದ ಅಧ್ಯಯನವೊಂದಿದೆ. ಅದರ ಫಲಿತಾಂಶ 2009ರಲ್ಲಿ ಹೊರಬಂತು: ಆ ತಾಯಂದಿರಲ್ಲಿ ಶೇಕಡಾ 43 ಮಂದಿಗೆ ಬಿ-12 ಕಡಿಮೆಯಿತ್ತು. ಅಂಥವರಲ್ಲಿ ಬಸುರಿನ ಸಮಯದ ಸಕ್ಕರೆ ಕಾಯಿಲೆಯೂ ಹೆಚ್ಚಾಗಿ ಕಂಡಿತ್ತು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರು ಮುಂದಿನ ಪ್ರಶ್ನೆ ಕೇಳಿದರು. ಕೊರತೆ ಇದ್ದರೆ ಬಾಯಿಂದ ಕೊಟ್ಟು ತುಂಬಬಹುದೇ? ಬಸುರಿಯರ ಒಂದು ಗುಂಪಿಗೆ ದಿನಕ್ಕೆ 50 ಮೈಕ್ರೋಗ್ರಾಂ ಬಿ-12 ಅನ್ನು ಬಾಯಿಯ ಮೂಲಕವೇ, ಹೆರಿಗೆಯಾಗಿ ಆರು ವಾರದವರೆಗೂ ಕೊಟ್ಟರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತಾಯಿಯ ರಕ್ತದಲ್ಲಷ್ಟೇ ಅಲ್ಲ, ಎದೆಹಾಲಿನಲ್ಲೂ, ಹುಟ್ಟಿದ ಮಗುವಿನ ರಕ್ತದಲ್ಲೂ ಬಿ-12 ಏರಿತ್ತು. ಸೂಜಿಯ ಸೋಂಕೇ ಇರಲಿಲ್ಲ.

ಕೊರತೆ ಏಕೆ ಇಷ್ಟು? ಬಿ-12 ಗಿಡಮರಗಳಲ್ಲಿ ಇಲ್ಲ. ರಾಗಿಯಲ್ಲಿಲ್ಲ, ಅವರೆಕಾಳಿನಲ್ಲಿಲ್ಲ, ಎಷ್ಟೇ ಹಸಿರಾಗಿದ್ದರೂ ಮಸ್ಸೊಪ್ಪಿನಲ್ಲೂ ಇಲ್ಲ. ಅದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು; ನಮಗೆ ಬರುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳ ಮೂಲಕ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು ಮೈಕ್ರೋಗ್ರಾಂ, ಒಂದು ಮೊಟ್ಟೆಯಲ್ಲಿ ಅದರ ಅರ್ಧದಷ್ಟು ಇರುತ್ತದೆ. ಮಾಂಸ ತಿನ್ನುವ ಮನೆಯಲ್ಲೂ ಅದು ಹಬ್ಬಕ್ಕೋ ನೆಂಟರು ಬಂದಾಗಲೋ ಮಾಡುವ ಅಡಿಗೆಯಾದರೆ ದಿನದಿನದ ಲೆಕ್ಕಕ್ಕೆ ಬರುವುದಿಲ್ಲ.

ಇಲ್ಲಿ ನಮ್ಮ ಜಿಲ್ಲೆಯ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಚನ್ನರಾಯಪಟ್ಟಣವಿರಲಿ, ಅರಕಲಗೂಡಿರಲಿ, ಬೆಳಗಾಯಿತೆಂದರೆ ಕ್ಯಾನು ಹಿಡಿದು ಡೇರಿಯ ಮುಂದೆ ಸಾಲು. ಹಾಲು ಹಾಕಿ ಬಂದ ದುಡ್ಡಿನಲ್ಲಿ ಫೀಸು ಕಟ್ಟಿದ್ದಾರೆ, ಮನೆ ಕಟ್ಟಿದ್ದಾರೆ, ಹೆಣ್ಣುಮಕ್ಕಳನ್ನು ಓದಿಸಿದ್ದಾರೆ. ಆದರೆ ಕರೆದದ್ದನ್ನೆಲ್ಲ ಡೇರಿಗೆ ಹಾಕಿ, ಮಗನಿಗೆ ಟೀಯಲ್ಲಿ ನಾಲ್ಕು ಹನಿ, ಮಗಳಿಗೆ ನೀರು ಮಜ್ಜಿಗೆ ಉಳಿಸಿ, ಆ ಹಾಲಿನ ದುಡ್ಡಿನಲ್ಲೇ ಪೇಟೆಗೆ ಹೋಗಿ ಬಿ-12 ಸೂಜಿ ಹಾಕಿಸುವ ವ್ಯಾಪಾರ ಯಾವ ನ್ಯಾಯ? ಮನೆಯಲ್ಲಿ ದಿನಕ್ಕೆ ಮಗುವಿಗೆರಡು ಲೋಟ ಉಳಿಸಿದರೆ ಅದರ ಅಗತ್ಯದ ಬಹುಪಾಲು ಅಲ್ಲೇ ತೀರುತ್ತದೆ.

ಶಾಲೆಯಲ್ಲೂ ಅನುಕೂಲ ಇದೆ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಮಗುವಿಗೆ 150 ಮಿಲಿಲೀಟರ್ ಹಾಲು ಗೊತ್ತುಮಾಡಲಾಯಿತು. ಮಧ್ಯಾಹ್ನದ ಊಟದ ಜೊತೆ ಮೊಟ್ಟೆ ಕೊಡುವುದನ್ನು 2024ರಲ್ಲಿ ವಾರಕ್ಕೆ ಆರು ದಿನಕ್ಕೆ ವಿಸ್ತರಿಸಲಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಸಿಗುತ್ತದೆ. ಅದು ಒಳ್ಳೆಯ ತಿನಿಸೇ, ಆದರೆ ಬಿ-12ರ ಮಟ್ಟಿಗೆ ಅದು ಸೊನ್ನೆ. ಅಂಥ ಮಕ್ಕಳಿಗೆ ಹಾಲು ಮೊಸರು ಬಿಡಲೇಬಾರದು.

ಹಳೆಯ ಲಿವರ್ ಇಂಜೆಕ್ಷನ್

ಸೂಜಿಯ ಮೇಲೆ ಈ ಭಕ್ತಿ ಹೇಗೆ ಬಂತು? ಅಜ್ಜ ಅಜ್ಜಿಯರನ್ನು ಕೇಳಿದರೆ ‘ಲಿವರ್ ಇಂಜೆಕ್ಷನ್’ ಎಂಬುದರ ನೆನಪು ಬರಬಹುದು. 1926ರಲ್ಲಿ ಬಾಸ್ಟನ್ನಿನ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು, ಆವರೆಗೆ ಸಾವೇ ಗತಿ ಎನ್ನಿಸಿದ್ದ ಒಂದು ಬಗೆಯ ರಕ್ತಹೀನತೆಯ ರೋಗಿಗಳಿಗೆ ದಿನವೂ ಪ್ರಾಣಿಗಳ ಪಿತ್ತಜನಕಾಂಗವನ್ನು ರಾಶಿ ರಾಶಿ ತಿನ್ನಿಸಿ ಬದುಕಿಸಿದರು. ದಿನವೂ ಅದನ್ನು ತಿನ್ನುವುದು ಯಾರಿಗೆ ಸಾಧ್ಯ? ಅದರ ಸಾರ ತೆಗೆದು ಚುಚ್ಚುವ ಪದ್ಧತಿ ಬಂತು. ಸತ್ತೇ ಹೋಗುತ್ತಾರೆ ಎಂದುಕೊಂಡವರು ಎದ್ದು ಓಡಾಡಿದರು. ಆ ಸಾರದೊಳಗಿದ್ದ ಬಿ-12 ಅನ್ನು ಬೇರ್ಪಡಿಸಿದ್ದು 1948ರಲ್ಲಿ. ಅದೇ ಕಾಲಕ್ಕೆ ಪೆನಿಸಿಲಿನ್ ಸೂಜಿಯೂ ಬಂದು, ಕೀವು ಜ್ವರಗಳಲ್ಲಿ ಪವಾಡವನ್ನೇ ಮಾಡಿತು. ಸೂಜಿಯೊಳಗೆ ಏನಿದೆ ಎಂಬುದಕ್ಕಿಂತ ಸೂಜಿಯೇ ದೊಡ್ಡದು ಎಂದು ಜನ ನಂಬಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಇದಕ್ಕೆ ಎದುರಾದ ಕಥೆಯೂ ನಮ್ಮ ದೇಶದಲ್ಲೇ ನಡೆಯಿತು. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಟ್ಟೆ ಗಿರಣಿಗಳ ಬಡ ಬಸುರಿಯರ ರಕ್ತಹೀನತೆಯನ್ನು ಗುಣಪಡಿಸಿದ್ದು ಮಾರ್ಮೈಟ್ ಎಂಬ ಯೀಸ್ಟಿನ ಸಾರವನ್ನು ಬಾಯಿಗೆ ಕೊಟ್ಟು. ಅದರಲ್ಲಿದ್ದದ್ದು ಫೋಲಿಕ್ ಆಮ್ಲದ ಗುಂಪಿನ ಜೀವಸತ್ವ. ಅದನ್ನು 1945ರಲ್ಲಿ ಅಮೆರಿಕದ ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಿದ ತಂಡದ ಮುಖ್ಯಸ್ಥರು ನೆರೆಯ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಪ್ರೌಢಶಾಲೆಯ ಮಕ್ಕಳು ವಾರಕ್ಕೊಮ್ಮೆ ಶಾಲೆಯಲ್ಲಿ ನುಂಗುವ ನೀಲಿ ಮಾತ್ರೆಯಲ್ಲಿ ಕಬ್ಬಿಣದ ಜೊತೆಗಿರುವುದು ಅದೇ ಫೋಲಿಕ್ ಆಮ್ಲ.

ಚಮಚ ಗೆದ್ದದ್ದು, ಸೂಜಿ ಗೆದ್ದದ್ದು

ಎ ಜೀವಸತ್ವದಲ್ಲಿ ಬಾಯಿಯದೇ ಮೇಲುಗೈ. ಅದರ ಕೊರತೆಯಿಂದ ಇರುಳುಗಣ್ಣು ಬಂದು, ಕಣ್ಣೇ ಹೋಗುವುದನ್ನು ತಡೆಯಲು ನಮ್ಮ ದೇಶದಲ್ಲಿ 1970ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಒಂಬತ್ತು ತಿಂಗಳಿಗೆ ಒಂದು ಲಕ್ಷ ಯೂನಿಟ್, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಎರಡು ಲಕ್ಷ ಯೂನಿಟ್. ಎಲ್ಲವೂ ಚಮಚದಲ್ಲಿ, ಬಾಯಿಗೆ. ಒಂಬತ್ತು ತಿಂಗಳ ಕೂಸಿಗೆ ದಡಾರದ ಲಸಿಕೆಯನ್ನು ಚುಚ್ಚಿದ ದಿನವೇ ಎ ಜೀವಸತ್ವವನ್ನು ಬಾಯಿಗೆ ಹಾಕುತ್ತಾರೆ. ಒಂದೇ ದಿನ, ಒಂದೇ ಮಗು; ಒಂದಕ್ಕೆ ಸೂಜಿ, ಇನ್ನೊಂದಕ್ಕೆ ಚಮಚ! ದಡಾರದ ಲಸಿಕೆ ಹೊಟ್ಟೆಗೆ ಹೋದರೆ ಕೆಲಸ ಮಾಡದು. ಎ ಜೀವಸತ್ವವನ್ನು ಎಣ್ಣೆಯಲ್ಲಿ ಕರಗಿಸಿ ಚುಚ್ಚಿದರೆ ಅದು ಸ್ನಾಯುವಿನಲ್ಲೇ ಉಳಿದು ಪಿತ್ತಜನಕಾಂಗಕ್ಕೆ ಸರಿಯಾಗಿ ತಲುಪದು. ಬಾಯಿಂದ ಕೊಟ್ಟರೆ ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಶೇಖರವಾಗಿರುತ್ತದೆ. ನೀರಿನಲ್ಲಿ ಬೆರೆಯುವಂತೆ ತಯಾರಿಸಿದ ಚುಚ್ಚುಮದ್ದಿನ ಜೊತೆ ಹೋಲಿಸಿ ಇಂಡೋನೇಷ್ಯಾದಲ್ಲಿ ನಡೆದು, 1980ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಬಾಯಿಂದ ಕೊಟ್ಟದ್ದು ಕಣ್ಣು ಉಳಿಸುವುದರಲ್ಲಿ ಹಿಂದೆ ಬೀಳಲಿಲ್ಲ.

ಕೆ ಜೀವಸತ್ವದಲ್ಲಿ ಗೆಲುವು ಸೂಜಿಯದು. ರಕ್ತ ಹೆಪ್ಪುಗಟ್ಟಲು ಬೇಕಾದ ಇದು ಹುಟ್ಟಿದ ಕೂಸಿನಲ್ಲಿ ತೀರ ಕಡಿಮೆ, ಎದೆಹಾಲಿನಲ್ಲೂ ಅಷ್ಟಕ್ಕಷ್ಟೆ. ಅಪರೂಪಕ್ಕೆ ಕೆಲವು ಕೂಸುಗಳಿಗೆ ಮಿದುಳಿನಲ್ಲೇ ರಕ್ತಸ್ರಾವವಾಗಬಹುದು. ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ತೊಡೆಗೆ ಒಂದು ಮಿಲಿಗ್ರಾಮಿನ ಒಂದೇ ಚುಚ್ಚುಮದ್ದು ಅದನ್ನು ತಡೆಯುತ್ತದೆ. ಬಾಯಿಂದ ಕೊಡಲು ಹೋದರೆ ಹಲವು ಸಲ ಕೊಡಬೇಕು, ನಡುವೆ ತಪ್ಪಿಹೋಗುವ ಭಯ. ‘ಎಳೇ ಕೂಸಿಗೆ ಸೂಜಿ ಬ್ಯಾಡ’ ಎನ್ನುವ ಅಜ್ಜಿಯರಿಗೆ ಇದನ್ನು ಸಮಾಧಾನವಾಗಿ ತಿಳಿಸಿ ಹೇಳಬೇಕು.

ಡಿ ಜೀವಸತ್ವದ ವಿಷಯದಲ್ಲಿ ಮಾತ್ರ ಎಚ್ಚರ ಹೆಚ್ಚು ಬೇಕು. ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದರಂತೆ 60,000 ಯೂನಿಟ್ಟಿನ ಪುಡಿಯನ್ನೋ ಗುಳಿಗೆಯನ್ನೋ ಕೆಲವು ವಾರ ಕೊಡುತ್ತಾರೆ. ಇದರ ಚುಚ್ಚುಮದ್ದೂ ಇದೆ. ಒಂದೇ ಸೂಜಿಯಲ್ಲಿ ಮೂರು ಲಕ್ಷ, ಆರು ಲಕ್ಷ ಯೂನಿಟ್. ಬಾಯಿಂದ ಕೊಟ್ಟದ್ದು ರಕ್ತದಲ್ಲಿ ಬೇಗ ಏರುತ್ತದೆ. ಚುಚ್ಚಿದ್ದು ನಿಧಾನವಾಗಿ, ತಿಂಗಳುಗಳ ಮೇಲೆ ಏರುತ್ತ ಹೋಗುತ್ತದೆ. ‘ಹೋದ ಸಲ ಹಾಕಿಸಿದ್ದು ನಾಟಲಿಲ್ಲ’ ಎಂದು ತಿಂಗಳೊಳಗೆ ಇನ್ನೊಂದು ಹಾಕಿಸಿದರೆ ಒಳಗೆ ಕೂತಿರುವ ಮೊದಲಿನದರ ಮೇಲೆ ಇನ್ನೊಂದು ಸೇರಿಕೊಳ್ಳುತ್ತದೆ. ಈ ಜಲಾಶಯಕ್ಕೆ ಗೇಟಿಲ್ಲ. ಕೊಬ್ಬಿನಲ್ಲಿ ಸೇರಿಕೊಂಡ ಡಿ ಮೂತ್ರದಲ್ಲಿ ಹೋಗುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಬಾಯಾರಿಕೆ ಶುರುವಾಗಿ ಮೂತ್ರಪಿಂಡಗಳೇ ಕೆಡಬಹುದು.

ಯಾರಿಗೆ ಸೂಜಿ ಬೇಕೇ ಬೇಕು?

ಬಿ-12 ಕೊರತೆಯಿಂದ ಕೈಕಾಲು ಜೋಮು ಹಿಡಿದು, ನಡಿಗೆ ತಪ್ಪಿ, ಮರೆವು ಬಂದವರಿಗೆ ವೈದ್ಯರು ಮೊದಲು ಸೂಜಿಯನ್ನೇ ಹಾಕುತ್ತಾರೆ. ನರಗಳಿಗೆ ಪೆಟ್ಟು ಬಿದ್ದಾಗ ಕಾಯುತ್ತ ಕೂರಲು ಸಮಯವಿರುವುದಿಲ್ಲ. ತಾಯಿಯ ಕೊರತೆಯಿಂದಾಗಿ ಬೆಳವಣಿಗೆ ಹಿಂದೆ ಬಿದ್ದು, ಮೈ ನಡುಗುವ ಎದೆಹಾಲಿನ ಕೂಸುಗಳಿಗೂ ಅಷ್ಟೇ. ಜಠರವನ್ನೋ ಸಣ್ಣ ಕರುಳಿನ ಕೊನೆಯ ಭಾಗವನ್ನೋ ಶಸ್ತ್ರಕ್ರಿಯೆಯಲ್ಲಿ ತೆಗೆದವರಿಗೆ, ಬಿಡದೆ ವಾಂತಿಯಾಗುವವರಿಗೆ, ವರ್ಷಗಟ್ಟಲೆ ಕುಡಿದು ಬಿ-1 ಬರಿದಾಗಿ ತಲೆಗೆ ಏರಿದವರಿಗೆ ಕೂಡ ಸೂಜಿಯೇ ದಾರಿ. ಬಸುರಿನ ಕೊನೆಯ ತಿಂಗಳುಗಳಲ್ಲಿ ರಕ್ತ ತೀರ ಕಡಿಮೆಯಿದ್ದರೆ ಕಬ್ಬಿಣವನ್ನೂ ರಕ್ತನಾಳಕ್ಕೇ ಕೊಡುತ್ತಾರೆ. ಇವೆಲ್ಲವೂ ಕರುಳಿನ ಬಾಗಿಲು ಕೆಟ್ಟಾಗ ಅಥವಾ ಹೊತ್ತು ಮೀರಿದಾಗಿನ ಮಾತು.

ತಂದೆ ತಾಯಂದಿರು ತಮ್ಮ ವಿಷಯದಲ್ಲೂ ಒಂದನ್ನು ಗಮನಿಸಬೇಕು. ಸಕ್ಕರೆ ಕಾಯಿಲೆಗೆ ವರ್ಷಾನುಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಿಗೆ ಬಿ-12 ಹೀರುವ ಶಕ್ತಿ ಕುಗ್ಗಬಹುದು. ಬೆಳಗೆದ್ದರೆ ‘ಗ್ಯಾಸ್ ಮಾತ್ರೆ’ ಎಂದು ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳನ್ನು ವರ್ಷಗಟ್ಟಲೆ ನುಂಗುವವರಲ್ಲಿ ಜಠರದ ಆಮ್ಲ ಕಡಿಮೆಯಾಗಿ, ಆಹಾರದಲ್ಲಿನ ಬಿ-12 ಬಿಡಿಸಿಕೊಳ್ಳುವುದು ಕಷ್ಟವಾಗುತ್ತದೆ. ಕಾಲುರಿ, ಜೋಮು ಬಂದರೆ ಸಕ್ಕರೆಯದೇ ಎಂದು ಸುಮ್ಮನಾಗದೆ ವೈದ್ಯರ ಗಮನಕ್ಕೆ ತನ್ನಿ.

ಇನ್ನು ತೂಕಡಿಸುವ ಹುಡುಗನ ವಿಷಯ. ಆ ಹುಡುಗ ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡುತ್ತಾನೆ? ಬೆಳಗ್ಗೆ ಏಳಕ್ಕೇ ಟ್ಯೂಷನ್ನಿಗೆ ಓಡುವಾಗ ಏನಾದರೂ ತಿಂದಿದ್ದನೇ? ಹುಡುಗಿಯಾದರೆ ತಿಂಗಳ ಸ್ರಾವ ಹೆಚ್ಚಾಗಿ ಹೋಗುತ್ತಿದೆಯೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಕಬ್ಬಿಣದ ಕೊರತೆ. ಅದಕ್ಕೆ ಬಿ ಕಾಂಪ್ಲೆಕ್ಸ್ ಸೂಜಿ ಹತ್ತು ಹಾಕಿಸಿದರೂ ಫಲವಿಲ್ಲ. ಶಾಲೆಯ ನೀಲಿ ಮಾತ್ರೆ ಇರುವುದು ಅದಕ್ಕೇ. ‘ವಾಕರಿಕೆ ಬರುತ್ತೆ’ ಎಂದು ಅದನ್ನು ಕಿಟಕಿಯಿಂದ ಆಚೆಗೆ ಎಸೆಯುವವರು ಎಷ್ಟು ಮಂದಿಯೋ! ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ. ಜೊತೆಗೆ ಒಂದು ಹೋಳು ನೆಲ್ಲಿಕಾಯಿಯೋ ನಿಂಬೆಹಣ್ಣಿನ ರಸವೋ ಇದ್ದರೆ ಕಬ್ಬಿಣ ಚೆನ್ನಾಗಿ ಹೀರುತ್ತದೆ. ಟೀ ಕಾಫಿಗಳು ಅದನ್ನು ತಡೆಯುವುದರಿಂದ ಮಾತ್ರೆ ನುಂಗಿದ ಒಂದೆರಡು ಗಂಟೆ ಅವು ಬೇಡ. ಜಂತುಹುಳುವಿನ ಮಾತ್ರೆಯನ್ನೂ ಶಾಲೆಯಲ್ಲಿ ಕೊಟ್ಟ ದಿನ ತಪ್ಪಿಸಬಾರದು.

ಸೂಜಿ ಹಾಕಿಸಿದ ಮೇಲೆ ಹುಡುಗ ಎರಡು ದಿನ ಚುರುಕಾದನಲ್ಲ ಎನ್ನುವವರಿದ್ದಾರೆ. ಆಗಬಹುದು. ವೈದ್ಯರು ನೋಡಿದರು, ಅಮ್ಮ ಜೊತೆಗೆ ಬಂದಳು, ದಾರಿಯಲ್ಲಿ ಮಸಾಲೆ ದೋಸೆ ಕೊಡಿಸಿದಳು. ಇವೂ ಔಷಧಿಗಳೇ! ಆದರೆ ಆ ನೆಮ್ಮದಿಯಲ್ಲಿ ನಿಜವಾದ ಕಾರಣ ಹುಡುಕುವುದು ಮುಂದಕ್ಕೆ ಹೋಗುತ್ತದೆ.

ಸೂಜಿಯ ಅಪಾಯವೂ ಸಣ್ಣದಲ್ಲ. ತಪ್ಪು ಜಾಗಕ್ಕೆ ಚುಚ್ಚಿದರೆ ಸೊಂಟದಿಂದ ಕಾಲಿಗೆ ಇಳಿಯುವ ದೊಡ್ಡ ನರಕ್ಕೆ ಪೆಟ್ಟಾಗಿ ಪಾದ ಜೋತುಬೀಳಬಹುದು. ಬಿ-1 ಇರುವ ಚುಚ್ಚುಮದ್ದು ಅಪರೂಪಕ್ಕೆ ಕೆಲವರಿಗೆ ಒಗ್ಗದೆ ರಕ್ತದೊತ್ತಡ ಕುಸಿಯಬಹುದು. ಗುಳಿಗೆಯಲ್ಲಿ ಆ ಭಯ ತೀರ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ, ಒಬ್ಬರಿಗೆ ಹಾಕಿದ ಸೂಜಿ ಇನ್ನೊಬ್ಬರಿಗೆ ತಗಲಿದರೆ ಕಾಮಾಲೆಯ ಬಿ, ಸಿ ವೈರಸ್ಸುಗಳೂ ಎಚ್‌ಐವಿಯೂ ದಾಟುತ್ತವೆ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳಿಂದಲೇ ಹೆಪಟೈಟಿಸ್ ಬಿ ಹರಡಿ ಹಲವರು ಸತ್ತರು. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯಲ್ಲಿ ಹಳ್ಳಿ ಹಳ್ಳಿ ತಿರುಗಿ ಅಗ್ಗಕ್ಕೆ ಸೂಜಿ ಹಾಕುತ್ತಿದ್ದ ನಕಲಿ ವೈದ್ಯನೊಬ್ಬನಿಂದ ಎಚ್‌ಐವಿ ಹರಡಿತೆಂಬ ಸುದ್ದಿ ದೇಶವನ್ನೇ ಬೆಚ್ಚಿಬೀಳಿಸಿತು. ನಮ್ಮ ರಾಜ್ಯದಲ್ಲಿ 2007ರ ಕಾಯಿದೆಯಂತೆ ಖಾಸಗಿ ಚಿಕಿತ್ಸಾಲಯಗಳೆಲ್ಲ ನೋಂದಣಿ ಮಾಡಿಸಲೇಬೇಕು. ಸೂಜಿ ಹಾಕಿಸಲೇಬೇಕಾಗಿ ಬಂದರೆ ಗೋಡೆಯ ಮೇಲಿನ ನೋಂದಣಿ ಪತ್ರ ನೋಡಿ. ಹೊಸ ಸಿರಿಂಜಿನ ಪೊಟ್ಟಣವನ್ನು ನಿಮ್ಮೆದುರೇ ಒಡೆಯಲು ಹೇಳಿ. ಕೇಳಲು ಸಂಕೋಚ ಬೇಡ.

ನಿಮ್ಮ ಮಗುವಿಗೆ ಬಿ-12 ಕೊರತೆ ಇರಬಹುದೆಂದು ವೈದ್ಯರು ಅನುಮಾನಿಸಿದರೆ ರಕ್ತಪರೀಕ್ಷೆಯನ್ನು ಸೂಜಿಗೂ ಗುಳಿಗೆಗೂ ಮೊದಲೇ ಮಾಡಿಸಬೇಕು. ಒಂದು ಸೂಜಿ ಬಿದ್ದ ಮೇಲೆ ರಕ್ತ ತೆಗೆದರೆ ವರದಿಯಲ್ಲಿ ಅಂಕಿ ಮೇಲೇರಿ ಕೂತಿರುತ್ತದೆ. ಕೊರತೆ ಮೊದಲು ಇತ್ತೋ ಇಲ್ಲವೋ ಎಂಬುದು ಆಮೇಲೆ ವಾರಗಟ್ಟಲೆ ತಿಳಿಯುವುದಿಲ್ಲ. ಈಗಾಗಲೇ ಎಲ್ಲಾದರೂ ಹಾಕಿಸಿದ್ದರೆ ಅದರ ಚೀಟಿಯನ್ನು, ಚೀಟಿ ಇಲ್ಲದಿದ್ದರೆ ಹಾಕಿಸಿದ ತಾರೀಖನ್ನಾದರೂ ಬರೆದುಕೊಂಡು ವೈದ್ಯರಿಗೆ ತೋರಿಸಿ.